‘ಇದು ವಾರಂಟಿದಾಗ ಬರಂಗಿಲ್ರಿ’ ಅನ್ನಿಸಿಕೊಳ್ಳದಿರಲು ಏನು ಮಾಡಬೇಕು?

ವಾರಂಟಿ ಸಿಗುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಎಂಜಿನ್‌ ಬಿಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ. ಸರ್ವಿಸ್‌ ಅಡ್ವೈಸರ್‌ ಬಾನೆಟ್‌ ಎತ್ತಿದಾಗ ಹೆಡ್‌ಲೈಟ್‌ ಹಿಂದೆ ಕತ್ತರಿಸಿ ಟೇಪ್‌ ಸುತ್ತಿದ ವೈರ್‌ ಕಾಣುತ್ತದೆ. ಕೂಲಂಟ್‌ ಡಬ್ಬಿಯಲ್ಲಿ ಬಣ್ಣವೇ ಇಲ್ಲದ ನೀರು, ಕಂಪ್ಯೂಟರ್‌ ದಾಖಲೆಯಲ್ಲಿ ತಪ್ಪಿಹೋದ ಒಂದು ಸರ್ವಿಸ್‌. ‘ಇದು ವಾರಂಟಿದಾಗ ಬರಂಗಿಲ್ರಿ’ ಎನ್ನಲು ಇಷ್ಟು ಸಾಕು. ಆ ಟೇಪಿಗೂ ಕೆಟ್ಟ ಭಾಗಕ್ಕೂ ಸಂಬಂಧವೇ ಇಲ್ಲದಿರಬಹುದು, ಆದರೆ ಅದನ್ನು ವಾದಿಸುವ ಕೆಲಸ ಆಗ ನಿಮ್ಮ ತಲೆಗೆ ಬರುತ್ತದೆ. ಅದಕ್ಕೇ ಕಾರು ಹೊಸದಿರುವಾಗಿನಿಂದಲೇ ಇಂಥ ಗುರುತು ಬೀಳದಂತೆ ನೋಡಿಕೊಳ್ಳಬೇಕು, ನಿಮ್ಮ ಪರವಾದ ಗುರುತುಗಳನ್ನು ಕಾಗದದ ಮೇಲೆ ಉಳಿಸಿಕೊಳ್ಳಬೇಕು.

ಮೊದಲು ವಾರಂಟಿ ಪುಸ್ತಕ ಓದಿ

ವಾರಂಟಿಗೆ ಅವಧಿ, ಕಿಲೋಮೀಟರ್‌ ಎಂದು ಎರಡು ಮಿತಿಗಳಿರುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಮಾರುತಿ ಸುಜುಕಿ 2024ರ ಜುಲೈನಲ್ಲಿ 2 ವರ್ಷ ಅಥವಾ 40 ಸಾವಿರ ಕಿ.ಮೀ. ಇದ್ದದ್ದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಕಲಬುರಗಿಯಿಂದ ಹೈದರಾಬಾದಿಗೆ ವಾರಕ್ಕೆ ಎರಡು ಸಲ ಹೋಗಿಬರುವವರಿಗೆ ಒಂದು ಬದಿಗೆ ಸುಮಾರು 220 ಕಿ.ಮೀ. ಎಂದು ಹಿಡಿದರೂ ಲಕ್ಷ ಕಿಲೋಮೀಟರ್‌ ಎರಡೂಕಾಲು ವರ್ಷದೊಳಗೆ ಮುಗಿಯುತ್ತದೆ. ಅಂಥವರು ಎಕ್ಸ್‌ಟೆಂಡೆಡ್‌ ವಾರಂಟಿ ಕೊಳ್ಳುವಾಗ ವರ್ಷ ನೋಡದೆ ಕಿಲೋಮೀಟರ್‌ ನೋಡಬೇಕು. ಮೂಲ ವಾರಂಟಿ ಮುಗಿಯುವ ಮೊದಲೇ ಅದನ್ನು ಕೊಳ್ಳಬೇಕೆಂಬುದು ಸಾಮಾನ್ಯ ನಿಯಮ.

ಸರ್ವಿಸ್‌ ಲೆಕ್ಕವೂ ಇದೇ ರೀತಿ. ‘10 ಸಾವಿರ ಕಿ.ಮೀ. ಅಥವಾ 1 ವರ್ಷ’ ಎಂದಿದ್ದರೆ, ವರ್ಷಕ್ಕೆ ನಾಲ್ಕು ಸಾವಿರವೂ ಓಡದ ಕಾರನ್ನೂ ವರ್ಷಕ್ಕೊಮ್ಮೆ ಬಿಡಲೇಬೇಕು. ‘ಗಾಡಿ ಓಡೇ ಇಲ್ಲ, ಎಣ್ಣೆ ಯಾಕೆ ಬದಲಿಸಬೇಕು’ ಎಂದು ಬಿಟ್ಟವರೇ ಹೆಚ್ಚಾಗಿ ಸಿಕ್ಕಿಬೀಳುವುದು. ಸುರಪುರ, ಶಹಾಪುರದಂಥ ಊರುಗಳಲ್ಲಿ ‘ಕಲಬುರಗಿಗೆ ಹೋದಾಗ ಮಾಡಿಸಿದರಾಯಿತು’ ಎಂದು ತಿಂಗಳುಗಟ್ಟಲೆ ಮುಂದೂಡುವುದುಂಟು. ಎಷ್ಟು ದಿನ ತಡವಾದರೆ ನಡೆಯುತ್ತದೆ ಎಂಬುದು ಆ ಪುಸ್ತಕದಲ್ಲೇ ಇರುತ್ತದೆ.

ಬ್ರೇಕ್‌ ಪ್ಯಾಡ್‌, ಕ್ಲಚ್‌ ಪ್ಲೇಟ್‌, ವೈಪರ್‌, ಬಲ್ಬ್‌, ಫಿಲ್ಟರ್‌ಗಳು ಸವೆಯುವ ವಸ್ತುಗಳು, ವಾರಂಟಿಗೆ ಸೇರುವುದಿಲ್ಲ. ಟೈರ್‌, ಬ್ಯಾಟರಿಗೆ ಅವುಗಳ ತಯಾರಕರದ್ದೇ ಬೇರೆ ವಾರಂಟಿ. ಇಲಿ ಕಡಿದ ವೈರ್‌, ನೀರು ನುಗ್ಗಿದ ಎಂಜಿನ್‌ ಎರಡೂ ಹೊರಗೇ. ಭೀಮಾ ದಂಡೆಯವರು ನೀರಿಗಾಗಿ ವಿಮೆಯಲ್ಲಿ ಎಂಜಿನ್‌ ರಕ್ಷಣೆ ಸೇರಿಸಿಕೊಳ್ಳುವುದು ಲೇಸು.

ಹೊರಗಿನ ಗ್ಯಾರೇಜ್‌ನಲ್ಲಿ ಕೆಲಸ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ? ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿ, ಹೊರಗೆ ರಿಪೇರಿ ಮಾಡಿಸಿದ ಕಾರಣಕ್ಕೇ ವಾರಂಟಿ ರದ್ದು ಮಾಡಬಾರದು ಎಂದಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ವಾದಕ್ಕೆ ಆ ಆದೇಶ ಒದಗಬಹುದು, ಆದರೆ ಅದನ್ನೇ ನೆಚ್ಚಿ ವಾರಂಟಿ ಅವಧಿಯಲ್ಲಿ ಎಂಜಿನ್‌, ಗೇರ್‌ಬಾಕ್ಸ್‌ ಕೆಲಸ ಹೊರಗೆ ಮಾಡಿಸಬೇಡಿ. ಪಂಕ್ಚರ್‌, ವೀಲ್‌ ಅಲೈನ್‌ಮೆಂಟ್‌ ಎಲ್ಲಿ ಮಾಡಿಸಿದರೂ ಯಾರೂ ಕೇಳುವುದಿಲ್ಲ.

ಧೂಳು ಮತ್ತು ಬೋರ್‌ ನೀರು

ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್‌ ಧೂಳು, ಶಹಾಬಾದ್‌ನ ಕಲ್ಲುಗಣಿ ಧೂಳು, ಬೇಸಿಗೆಯಲ್ಲಿ ಕಪ್ಪುಮಣ್ಣಿನ ಹೊಲದ ಧೂಳು. ಇಲ್ಲಿ ಓಡುವ ಕಾರು ಮ್ಯಾನ್ಯುಯಲ್‌ ಭಾಷೆಯಲ್ಲಿ ‘ಕಠಿಣ ಬಳಕೆ’ಗೆ ಸೇರುತ್ತದೆ, ಅದಕ್ಕೆ ಮ್ಯಾನ್ಯುಯಲ್‌ನಲ್ಲಿ ಬೇರೆಯೇ ಪಟ್ಟಿ ಇರುತ್ತದೆ. ಏರ್‌ ಫಿಲ್ಟರ್‌ ಬದಲಿಸುವ ಅಂತರ ಅದರಲ್ಲಿ ಗಣನೀಯವಾಗಿ ಕಡಿಮೆ.

ಫಿಲ್ಟರನ್ನು ಪಂಕ್ಚರ್‌ ಅಂಗಡಿಯ ಗಾಳಿಯಿಂದ ಹೊರಗಿನಿಂದ ಒಳಕ್ಕೆ ಊದುವುದು ದೊಡ್ಡ ತಪ್ಪು. ಧೂಳು ಕಾಗದದ ಒಳಕ್ಕೇ ಹೂತುಕೊಳ್ಳುತ್ತದೆ, ಒತ್ತಡ ಹೆಚ್ಚಾದರೆ ಮಡಿಕೆಯಲ್ಲಿ ಸೀಳು ಬೀಳುತ್ತದೆ. ಪರೀಕ್ಷೆ ಸುಲಭ. ಫಿಲ್ಟರ್‌ ತೆಗೆದು, ಎಂಜಿನ್‌ ಕಡೆಗೆ ಹೋಗುವ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಫಿಲ್ಟರ್‌ ಹರಿದಿದೆ ಅಥವಾ ಡಬ್ಬಿಯ ಕ್ಲಿಪ್‌ ಕೂತಿಲ್ಲ. ಈ ಧೂಳು ಮೊದಲು ಗಾಳಿ ಅಳೆಯುವ ಸೆನ್ಸರನ್ನು ಕೆಡಿಸುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್‌) ಇದ್ದರೆ ಅದರ ರೆಕ್ಕೆಯ ಅಂಚು ಸವೆಸಿ ಆಮೇಲೆ ಪಿಸ್ಟನ್‌ ರಿಂಗಿಗೆ ಹೋಗುತ್ತದೆ. ಬಿಚ್ಚಿ ನೋಡಿದ ಯಾವ ಎಂಜಿನಿಯರಿಗೂ ಅದು ಮುಚ್ಚಿಡಲಾಗದ ಗುರುತು.

ಕೂಲಂಟ್‌ ಕಡಿಮೆಯಾದರೆ ಬೋರ್‌ ನೀರು ಸುರಿಯಬೇಡಿ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಏಪ್ರಿಲ್‌–ಮೇ ತಿಂಗಳ 42–43 ಡಿಗ್ರಿಯಲ್ಲಿ ಎಂಜಿನ್‌ ಕಾದು ಹೆಡ್‌ ಗ್ಯಾಸ್ಕೆಟ್‌ ಹೋದರೆ, ಆ ಬಿಳಿ ಪದರವೇ ತಿರಸ್ಕಾರಕ್ಕೆ ಕಾರಣ ಕೊಡುತ್ತದೆ. ಪುಸ್ತಕದಲ್ಲಿ ಹೇಳಿದ ಕೂಲಂಟ್‌ ಒಂದು ಲೀಟರ್‌ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ದಾರಿಯಲ್ಲಿ ನೀರು ಹಾಕಲೇಬೇಕಾಗಿ ಬಂದರೆ ಆ ವಾರವೇ ಪೂರ್ತಿ ಖಾಲಿ ಮಾಡಿಸಿ ಹೊಸದು ತುಂಬಿಸಿ, ಬಿಲ್‌ ಇಟ್ಟುಕೊಳ್ಳಿ.

ಪಿಕಪ್‌ ಹೆಚ್ಚಿಸುವ ಆಸೆ

ರೀಮ್ಯಾಪ್‌ ಎಂದರೆ ಎಂಜಿನ್‌ ನಡೆಸುವ ಇಸಿಯುವಿನ ತಂತ್ರಾಂಶ ಬದಲಿಸಿ ಟರ್ಬೊ ಒತ್ತಡ, ಇಂಧನ, ಸ್ಪಾರ್ಕಿನ ಸಮಯವನ್ನು ಹೊಸದಾಗಿ ಹೊಂದಿಸುವುದು. ಟರ್ಬೊ ಎಂಜಿನ್ನಿಗೆ ಇದರಿಂದ ನಿಜಕ್ಕೂ ಬಲ ಬರುತ್ತದೆ. ಟರ್ಬೊ ಇಲ್ಲದ 1.2 ಲೀಟರ್‌ ಪೆಟ್ರೋಲ್‌ ಕಾರಿಗೆ ಮಾಡಿಸುವುದು ಬಹುಮಟ್ಟಿಗೆ ದುಡ್ಡು ದಂಡ.

ಆ ಬಲವನ್ನು ಕ್ಲಚ್ಚು, ಗೇರ್‌ಬಾಕ್ಸು ತಡೆಯಬೇಕಲ್ಲ, ತೊಡಕಿರುವುದು ಅಲ್ಲಿ. ಫೋಕ್ಸ್‌ವ್ಯಾಗನ್‌ ಗುಂಪಿನ 1.5 ಟಿಎಸ್‌ಐ ಎಂಜಿನ್‌ 250 ನ್ಯೂಟನ್‌ ಮೀಟರ್‌ ಟಾರ್ಕ್‌ (ತಿರುಗಿಸುವ ಬಲ) ಕೊಡುತ್ತದೆ. ಅದರ ಜೊತೆ ಬರುವ ಏಳು ಗೇರಿನ ಡ್ರೈ ಕ್ಲಚ್‌ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್‌ ಗೇರ್‌ಬಾಕ್ಸಿನ ನಿಗದಿತ ಮಿತಿಯೂ 250. ಕಂಪನಿಯೇ ಅಂಚಿನವರೆಗೆ ಬಳಸಿಕೊಂಡ ಮೇಲೆ ರೀಮ್ಯಾಪ್‌ ಮಾಡುವ ಟ್ಯೂನರಿಗೆ ಉಳಿದಿರುವ ಜಾಗ ಎಷ್ಟು? ಎರಡನೆಯದು ನಮ್ಮ ಬಿಸಿಲು. ಒಳಹೋಗುವ ಗಾಳಿ ಕಾದಷ್ಟೂ ಎಂಜಿನ್‌ ‘ನಾಕ್‌’ ಮಾಡುವ (ಒಳಗಿನ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುವ) ಸಂಭವ ಹೆಚ್ಚು, ಅದನ್ನು ತಪ್ಪಿಸಲು ಕಂಪನಿ ಮ್ಯಾಪ್‌ನಲ್ಲಿ ಸಡಿಲ ಬಿಟ್ಟಿರುತ್ತಾರೆ. ಬೆಂಗಳೂರಿನ 25 ಡಿಗ್ರಿಯಲ್ಲಿ ಆ ಸಡಿಲವನ್ನು ಹಿಂಡಿ ತೆಗೆದ ಮ್ಯಾಪ್‌, ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ರಸ್ತೆಯಲ್ಲಿ ಎಸಿ ಹಾಕಿ ಲಾರಿ ಹಿಂದಿಕ್ಕುವಾಗ ಬೇರೆಯೇ ಪರೀಕ್ಷೆ ಎದುರಿಸುತ್ತದೆ. ನಾಕ್‌ನಿಂದ ಪಿಸ್ಟನ್ನಿನ ರಿಂಗ್‌ ಕೂರುವ ಅಂಚು ಒಡೆಯುತ್ತದೆ, ಆ ಸಿಲಿಂಡರಿನ ಕಂಪ್ರೆಷನ್‌ ಬಿದ್ದುಹೋಗುತ್ತದೆ.

‘ಸರ್ವಿಸ್‌ಗೆ ಮೊದಲು ಹಳೇ ಫೈಲ್‌ ಹಾಕಿಕೊಡ್ತೀವಿ, ಗೊತ್ತೇ ಆಗಲ್ಲ’ ಎಂಬ ಮಾತನ್ನು ನಂಬಬೇಡಿ. ಹಲವು ಇಸಿಯುಗಳು ತಮಗೆ ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಇಟ್ಟುಕೊಂಡಿರುತ್ತವೆ. ಹಳೇ ಫೈಲ್‌ ಹಾಕಿದರೆ ಆ ಎಣಿಕೆ ಇನ್ನೊಂದು ಏರುತ್ತದೆ, ಅಷ್ಟೆ. ತಂತ್ರಾಂಶದ ಗುರುತು ಸಂಖ್ಯೆ, ಅದು ಬದಲಾಗಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ (ಚೆಕ್‌ಸಮ್‌) ಎರಡನ್ನೂ ಕಂಪನಿಯ ಸ್ಕ್ಯಾನರ್‌ ಓದುತ್ತದೆ. ಫೋಕ್ಸ್‌ವ್ಯಾಗನ್‌ ಗುಂಪಿನಲ್ಲಿ ಬದಲಾವಣೆ ಪತ್ತೆಯಾದ ಕಾರಿಗೆ ‘ಟಿಡಿ1’ ಎಂಬ ಗುರುತು ಹಾಕುತ್ತಾರೆ. ಸೆನ್ಸರ್‌ ವೈರಿನ ನಡುವೆ ಕೂರಿಸುವ ಟ್ಯೂನಿಂಗ್‌ ಬಾಕ್ಸ್‌ ಕಳಚಿದರೂ, ಮಿತಿ ಮೀರಿದ ಟರ್ಬೊ ಒತ್ತಡದ ದೋಷ ಕೋಡ್‌ ನೆನಪಿನಲ್ಲಿ ಉಳಿದಿರಬಹುದು. ಡೀಸೆಲ್‌ ಕಾರಿನ ಡಿಪಿಎಫ್‌ (ಹೊಗೆಯ ಮಸಿ ಹಿಡಿಯುವ ಫಿಲ್ಟರ್‌) ತೆಗೆಸುವುದು, ಇಜಿಆರ್‌ (ಹೊಗೆಯ ಒಂದಂಶವನ್ನು ಎಂಜಿನ್ನಿಗೇ ಮರಳಿಸುವ ವಾಲ್ವ್‌) ಮುಚ್ಚಿಸುವುದಂತೂ ಬೇಡವೇ ಬೇಡ. ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕರಿಗೆ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಾಗಾದರೆ ಪಿಕಪ್‌ ಬಿದ್ದ ಕಾರಿಗೆ ಏನು ಮಾಡಬೇಕು? ಮೊದಲು ಟೈರ್‌ ಗಾಳಿ ಮತ್ತು ಏರ್‌ ಫಿಲ್ಟರ್‌ ನೋಡಿ. ನಂತರ ಥ್ರಾಟಲ್‌ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿ ನಿಯಂತ್ರಿಸುವ ಭಾಗ) ಬಿಚ್ಚಿಸಿ ಒರೆಸಿಸಿ, ಸ್ಪಾರ್ಕ್‌ ಪ್ಲಗ್ಗಿನ ಗ್ಯಾಪ್‌ ಮ್ಯಾನ್ಯುಯಲ್‌ ಅಳತೆಗೆ ಇದೆಯೇ ನೋಡಿಸಿ. ಟರ್ಬೊ ಕಾರಿಗೆ ಸಾಮಾನ್ಯವಾಗಿ 0.7–0.8 ಮಿ.ಮೀ., ಮಾಮೂಲಿ ಪೆಟ್ರೋಲ್‌ ಕಾರಿಗೆ 1 ಮಿ.ಮೀ. ಆಸುಪಾಸು. ಸ್ಕ್ಯಾನರ್‌ನಲ್ಲಿ ‘ಲಾಂಗ್‌ ಟರ್ಮ್‌ ಫ್ಯುಯೆಲ್‌ ಟ್ರಿಮ್‌’ (ಎಂಜಿನ್‌ ತಾನಾಗಿ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದೆ ಎಂಬ ಲೆಕ್ಕ) ತೋರಿಸಲು ಕೇಳಿ. ಶೇ 10ಕ್ಕಿಂತ ಹೆಚ್ಚು ಪ್ಲಸ್‌ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಇಂಧನ ಸಾಲುತ್ತಿಲ್ಲ ಎಂದರ್ಥ. ಬಿಎಸ್‌6 ಡೀಸೆಲ್‌ ಕಾರು ಬರೀ ಊರೊಳಗೆ ಸೂಪರ್‌ ಮಾರ್ಕೆಟ್‌–ಸ್ಟೇಷನ್‌ ಓಡಾಟದಲ್ಲೇ ಇದ್ದರೆ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತದೆ. ಅದರ ದೀಪ ಹತ್ತಿದ ಕೂಡಲೇ ಹುಮನಾಬಾದ್‌ ರಸ್ತೆ ಹಿಡಿದು, ಒಂದು ಗೇರ್‌ ಕೆಳಗಿಟ್ಟು 2000 ಆರ್‌ಪಿಎಂ ಮೇಲೆ 20 ನಿಮಿಷ ನಿಲ್ಲಿಸದೆ ಓಡಿಸಿ. ದೀಪ ಲೆಕ್ಕಿಸದೆ ಓಡಿಸಿ ಕಟ್ಟಿಹೋದ ಡಿಪಿಎಫ್‌ಗೆ ವಾರಂಟಿ ಸಿಗುವುದು ಕಷ್ಟ.

ಜಾಬ್‌ ಕಾರ್ಡ್‌ ಬರೆಸುವ ಬಗೆ

ಎಂಜಿನ್‌ ದೀಪ ಹತ್ತಿದಾಗ ಹೊರಗಿನ ಮಿಸ್ತ್ರಿಯ ಹತ್ತಿರ ಕೋಡ್‌ ಅಳಿಸಬೇಡಿ. ಬೇಕಿದ್ದರೆ ಓದಿಸಿ, ಫೋಟೊ ತೆಗೆದುಕೊಳ್ಳಿ. ಕೋಡ್‌ ಬಿದ್ದ ಕ್ಷಣದ ವೇಗ, ಆರ್‌ಪಿಎಂ, ಕೂಲಂಟ್‌ ಬಿಸಿ ಎಲ್ಲ ಅದರ ಜೊತೆ ‘ಫ್ರೀಜ್‌ ಫ್ರೇಮ್‌’ ಆಗಿ ಕೂತಿರುತ್ತದೆ. ಅಳಿಸಿದರೆ ನಿಮ್ಮ ಸಾಕ್ಷಿಯನ್ನು ನೀವೇ ಅಳಿಸಿದಂತೆ.

ಜಾಬ್‌ ಕಾರ್ಡಿನಲ್ಲಿ (ನಿಮ್ಮ ದೂರು, ಮಾಡಬೇಕಾದ ಕೆಲಸ ಬರೆಯುವ ಕಾಗದ) ಅಡ್ವೈಸರ್‌ ‘ಪಿಕಪ್‌ ಪ್ರಾಬ್ಲಂ, ಚೆಕ್‌’ ಎಂದು ಬರೆದರೆ ಒಪ್ಪಬೇಡಿ. ಹೀಗೆ ಬರೆಸಿ: ‘ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಎರಡು–ಮೂರು ನಿಮಿಷ ಐಡ್ಲಿಂಗ್‌ 600ರಿಂದ 1100ರವರೆಗೆ ಏರಿಳಿಯುತ್ತದೆ, ಎಸಿ ಹಾಕಿದರೆ ಬಂದ್‌ ಬೀಳುತ್ತದೆ, ಬಿಸಿಯಾದ ಮೇಲೆ ಸರಿ.’ ಯಾವ ಭಾಗ ಕೆಟ್ಟಿದೆ ಎಂದು ನೀವು ಹೇಳಲು ಹೋಗಬೇಡಿ. ‘ಇಂಜೆಕ್ಟರ್‌ ನೋಡಿ’ ಎಂದರೆ ಇಂಜೆಕ್ಟರ್‌ ಮಾತ್ರ ನೋಡಿ, ‘ಸರಿ ಇದೆ’ ಎಂದು ಬಿಲ್‌ ಕೊಡುತ್ತಾರೆ. ತಣ್ಣಗಿನ ಎಂಜಿನ್ನಿನ ತೊಂದರೆಯಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟು, ಬೆಳಿಗ್ಗೆ ನಿಮ್ಮೆದುರೇ ಸ್ಟಾರ್ಟ್‌ ಮಾಡಲು ಹೇಳಿ. ಓಡುವಾಗಿನ ಸದ್ದಾದರೆ ಟೆಕ್ನಿಷಿಯನ್‌ ಜೊತೆ ಕೂತು ಟ್ರಯಲ್‌ ಹೋಗಿ, ಸದ್ದು ಕೇಳಿಸಿತು ಎಂದು ಕಾರ್ಡಿನಲ್ಲಿ ಬರೆಸಿ. ಒಂದೇ ದೂರು ಮೂರು ಸಲ ಬಂದಿದ್ದರೆ ಮೂರು ಜಾಬ್‌ ಕಾರ್ಡ್‌ ಇರಬೇಕು. ‘ಹಂಗೇ ನೋಡಿ ಕೊಡ್ತೀವ್ರಿ’ ಎಂದು ಕಾರ್ಡ್‌ ಇಲ್ಲದೆ ಮಾಡಿದ ಕೆಲಸ ದಾಖಲೆಯ ಮಟ್ಟಿಗೆ ನಡೆದೇ ಇಲ್ಲ.

ಡೀಕಾರ್ಬನೈಸಿಂಗ್‌, ಎಂಜಿನ್‌ ಡ್ರೆಸ್ಸಿಂಗ್‌, ಆ್ಯಂಟಿ ರಸ್ಟ್‌ ಬೇಡವೆಂದರೆ ವಾರಂಟಿ ಹೋಗುವುದಿಲ್ಲ, ಪುಸ್ತಕದ ಸರ್ವಿಸ್‌ ಪಟ್ಟಿಯಲ್ಲಿ ಇದ್ದದ್ದು ಮಾತ್ರ ಕಡ್ಡಾಯ. ಫ್ರೀ ಸರ್ವಿಸ್‌ನಲ್ಲಿ ಫ್ರೀ ಇರುವುದು ಕೂಲಿ, ಎಣ್ಣೆ–ಫಿಲ್ಟರಿಗೆ ದುಡ್ಡು ಕೊಡಬೇಕು. ಬಿಲ್ಲಿನ ಎಣ್ಣೆಯ ಪ್ರಮಾಣ, ಗ್ರೇಡ್‌ ಎರಡನ್ನೂ ಮ್ಯಾನ್ಯುಯಲ್‌ ಜೊತೆ ತಾಳೆ ನೋಡಿ. 0ಡಬ್ಲ್ಯು–20 ಎಂಬ ತೆಳು ಎಣ್ಣೆ ಬೇಕಾದ ಕಡೆ ‘ಬೇಸಿಗೆಗೆ ದಪ್ಪ ಎಣ್ಣೆ ಒಳ್ಳೇದು’ ಎಂದು ಬೇರೆ ಹಾಕಿಸಬೇಡಿ.

ಇಲ್ಲ ಎಂದ ಮೇಲೆ

ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಬೇಡಿ. ಯಾವ ಷರತ್ತಿನಡಿ ತಿರಸ್ಕಾರ, ಆ ಷರತ್ತಿಗೂ ಕೆಟ್ಟ ಭಾಗಕ್ಕೂ ಏನು ಸಂಬಂಧ ಎಂದು ಇಮೇಲ್‌ನಲ್ಲಿ ಕೇಳಿ. ವರ್ಕ್ಸ್‌ ಮ್ಯಾನೇಜರ್‌ ಉತ್ತರಿಸದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ಟಿಕೆಟ್‌ ಸಂಖ್ಯೆ ಪಡೆಯಿರಿ. ಕಂಪನಿಯ ಏರಿಯಾ ಸರ್ವಿಸ್‌ ಮ್ಯಾನೇಜರ್‌ ಬರುವ ದಿನ ನೀವೂ ಹಾಜರಿರಿ. ಎಂಜಿನ್‌ ಬಿಚ್ಚಲು ಸಹಿ ಕೇಳಿದರೆ, ತಿರಸ್ಕಾರವಾದಲ್ಲಿ ಬಿಚ್ಚಿದ ಕೂಲಿ ಎಷ್ಟೆಂದು ಮೊದಲೇ ಬರೆಸಿಕೊಳ್ಳಿ.

ಮುಂದಿನ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಹೈದರಾಬಾದಿನಲ್ಲಿ ಕಾರು ಕೊಂಡ ಬೀದರ್‌ನವರು ಬೀದರ್‌ನಲ್ಲೇ ಹಾಕಿದರಾಯಿತು. 50 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡದ್ದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, ಅದಕ್ಕೂ ಮೇಲೆ 1,000 ರೂಪಾಯಿ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಹಳದಿ ಬೋರ್ಡಿನ ಕಾರಾದರೆ, ಸ್ವಂತ ದುಡಿಮೆಯ ಜೀವನೋಪಾಯಕ್ಕೇ ಕೊಂಡದ್ದು ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ‘ವಾಣಿಜ್ಯ ಉದ್ದೇಶ’ ಎಂಬ ತಕರಾರು ಬರುತ್ತದೆ.

ಬೇಸತ್ತು ಹೊರಗೆ ರಿಪೇರಿ ಮಾಡಿಸಿದ ಮೇಲೆ ಆಯೋಗಕ್ಕೆ ಹೋದರೆ ದೋಷ ತೋರಿಸಲು ಏನೂ ಉಳಿದಿರುವುದಿಲ್ಲ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಕಾಯಲು ಆಗದೆ ರಿಪೇರಿ ಮಾಡಿಸಲೇಬೇಕಾದರೆ, ಬಿಚ್ಚುವ ಮೊದಲು ಮತ್ತು ನಂತರದ ಫೋಟೊ, ಓಡೊಮೀಟರ್‌ ರೀಡಿಂಗ್‌, ಮಿಸ್ತ್ರಿಯ ಸಹಿಯಿರುವ ವಿವರವಾದ ಬಿಲ್‌ ಇಟ್ಟುಕೊಳ್ಳಿ. ಹಳೇ ಭಾಗವನ್ನು ತೊಳೆಯಿಸದೆ ಇದ್ದ ಹಾಗೇ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ.