ಸ್ಲೈಡ್ ಅನಿಮೇಷನ್‌ಗೆ ಲೂಪ್ ಬೇಕೇ? ಹೀಗೆ ಕೇಳಿ

ಮೂರು ಹಂತದ ಒಂದು ಚಿತ್ರ. ಒಂದೊಂದೇ ಹಂತ ಮೂಡಿ, ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ಶುರುವಾಗಬೇಕು. ಇದೇ ಲೂಪ್. ನೀವು ಮಾತಾಡುತ್ತಿರುವಷ್ಟು ಹೊತ್ತೂ ಅದು ಹಿಂದೆ ಓಡುತ್ತಿರಬೇಕು. ಮೆನು ಎಲ್ಲ ಜಾಲಾಡಿದರೂ ಅಂಥ ಆಯ್ಕೆ ಸಿಗದಿದ್ದರೆ ಸಾಫ್ಟ್‌ವೇರ್ ಮಾಡುವವರಿಗೇ ಬರೆದು ಕೇಳಬಹುದು. ಆದರೆ ‘ಲೂಪ್ ಸೌಲಭ್ಯ ಕೊಡಿ’ ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ಯಾವುದು ಸುತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದು ಓದುವವರಿಗೆ ಗೊತ್ತಾಗುವುದೇ ಇಲ್ಲ.

ಮೊದಲು ಇರುವುದನ್ನು ನೋಡಿ

ಎಷ್ಟೋ ಸಲ ಕೇಳಬೇಕೆಂದುಕೊಂಡದ್ದು ಆಗಲೇ ಇರುತ್ತದೆ. ಪವರ್‌ಪಾಯಿಂಟ್‌ನಲ್ಲಿ ಒಂದು ಎಫೆಕ್ಟ್‌ನ (ಚಿತ್ರಕ್ಕೋ ಅಕ್ಷರಕ್ಕೋ ಕೊಟ್ಟ ಒಂದು ಚಲನೆಯ) ‘ಟೈಮಿಂಗ್’ ತೆರೆದರೆ ‘ರಿಪೀಟ್’ ಎಂಬ ಆಯ್ಕೆ ಇದೆ. ಇಷ್ಟು ಸಲ, ಮುಂದಿನ ಕ್ಲಿಕ್‌ವರೆಗೆ, ಸ್ಲೈಡ್ ಮುಗಿಯುವವರೆಗೆ ಎಂದು ಅಲ್ಲಿ ಆರಿಸಬಹುದು. ಸ್ಲೈಡ್ ಮಾಡುವ ಇನ್ನೊಂದು ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಹೆಚ್ಚುಕಡಿಮೆ ಹೀಗೇ. ಇಡೀ ಪ್ರೆಸೆಂಟೇಷನ್ ಸುತ್ತುತ್ತಿರಬೇಕು ಎಂದರೆ ಎರಡರಲ್ಲೂ ಸ್ಲೈಡ್ ಶೋ ಸೆಟ್ಟಿಂಗ್‌ನಲ್ಲಿ ದಾರಿ ಇದೆ. ಒಂದು ಸುತ್ತು ಮುಗಿದ ಮೇಲೆ ಎಷ್ಟು ಹೊತ್ತು ಬಿಟ್ಟು ಮತ್ತೆ ಶುರುವಾಗಬೇಕು ಎಂದೂ ಇಂಪ್ರೆಸ್‌ನಲ್ಲಿ ಹೇಳಬಹುದು. ಗೂಗಲ್ ಸ್ಲೈಡ್ಸ್‌ನಲ್ಲಿ ಆಟೋಪ್ಲೇ ಜೊತೆ ಇಡೀ ಶೋ ಸುತ್ತುತ್ತದೆ, ಆದರೆ ಒಂದೇ ಅನಿಮೇಷನ್ ಅನ್ನು ಮತ್ತೆ ಮತ್ತೆ ಓಡಿಸುವ ಆಯ್ಕೆ ಇಲ್ಲ.

ನಿಜವಾದ ಕೊರತೆ ಇರುವುದು ಮಧ್ಯದಲ್ಲಿ. ಒಂದು ಎಫೆಕ್ಟ್ ಸುತ್ತುತ್ತದೆ, ಇಡೀ ಶೋ ಸುತ್ತುತ್ತದೆ. ನಾಲ್ಕೈದು ಎಫೆಕ್ಟ್‌ಗಳನ್ನು ಒಂದು ಗುಂಪು ಮಾಡಿ, ಆ ಸಾಲನ್ನೇ ಸುತ್ತಿಸಲು ನೇರವಾದ ಗುಂಡಿ ಇಲ್ಲ. ಇನ್ನೊಂದು ತೊಡಕೂ ಇದೆ. ಎಫೆಕ್ಟ್‌ಗೆ ಕೊಟ್ಟ ಡಿಲೇ, ಅಂದರೆ ಶುರುವಾಗುವ ಮುಂಚಿನ ಬಿಡುವು, ಮೊದಲ ಸಲಕ್ಕೆ ಮಾತ್ರ. ಆಮೇಲಿನ ಸುತ್ತುಗಳು ಉಸಿರು ಬಿಡದೆ ಒಂದರ ಹಿಂದೊಂದು ಬರುತ್ತವೆ. ನೋಡುವವರಿಗೆ ಕಿರಿಕಿರಿ ಆಗುವುದೂ ಇದರಿಂದಲೇ.

ಲೂಪ್ ಹೇಗೆ ನಡೆಯಬೇಕು ಎಂದು ಬರೆಯಿರಿ

ಸಲಹೆಯ ಜೀವಾಳ ಇದೇ, ಇಲ್ಲಿ ಅವಸರ ಬೇಡ. ಲೂಪ್ ಕ್ಲಿಕ್ ಮಾಡಿದಾಗ ಶುರುವಾಗಬೇಕೋ, ಸ್ಲೈಡ್ ಬಂದ ತಕ್ಷಣವೋ? ಸುತ್ತುಗಳ ನಡುವೆ ಎಷ್ಟು ಸೆಕೆಂಡ್ ಬಿಡುವು? ಕೊನೆ ಮುಟ್ಟಿದ ಮೇಲೆ ಚಿತ್ರ ಥಟ್ಟನೆ ಮೊದಲ ಜಾಗಕ್ಕೆ ಹಾರಬೇಕೋ, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕೋ? ಪವರ್‌ಪಾಯಿಂಟ್‌ನ ಕೆಲವು ಎಫೆಕ್ಟ್‌ಗಳಿಗೆ ‘ಆಟೋ-ರಿವರ್ಸ್’ ಇದೆ. ಗುಂಪಿಗೂ ಅದು ಬೇಕಿದ್ದರೆ ಬಾಯಿಬಿಟ್ಟು ಕೇಳಿ.

ನಿಲ್ಲಿಸುವ ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ಲೂಪ್ ಓಡುತ್ತಿರುವಾಗ ಕ್ಲಿಕ್ ಮಾಡಿದರೆ ಏನಾಗಬೇಕು? ಆ ಸುತ್ತು ಮುಗಿದ ಮೇಲೆ ನಿಲ್ಲಬೇಕೋ, ಇದ್ದಲ್ಲೇ ನಿಲ್ಲಬೇಕೋ, ಸೀದಾ ಮುಂದಿನ ಸ್ಲೈಡ್‌ಗೆ ಹೋಗಬೇಕೋ? ಸ್ಲೈಡನ್ನು ಪಿಡಿಎಫ್ ಮಾಡಿದಾಗ ಯಾವ ಹಂತ ಕಾಣಬೇಕು? ಇಂಥ ಪ್ರಶ್ನೆಗಳಿಗೆ ನೀವೇ ಉತ್ತರ ಬರೆದಿಟ್ಟರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ವಿರಾಮದ ಗುಂಡಿಯನ್ನೂ ಸೇರಿಸಿ ಕೇಳಿ. ವೆಬ್ ಪುಟಗಳ ಸುಲಭ ಬಳಕೆಗಾಗಿ ಇರುವ ಡಬ್ಲ್ಯುಸಿಎಜಿ ನಿಯಮಗಳ ಪ್ರಕಾರ, ಬೇರೆ ವಿಷಯದ ಪಕ್ಕದಲ್ಲಿ ತಾನಾಗಿ ಶುರುವಾಗಿ 5 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಚಲಿಸುವುದನ್ನು ನಿಲ್ಲಿಸಲು ನೋಡುಗರಿಗೆ ದಾರಿ ಇರಬೇಕು. ಸೆಕೆಂಡಿಗೆ 3 ಸಲಕ್ಕಿಂತ ಹೆಚ್ಚು ಮಿಂಚಬಾರದು ಎಂಬ ನಿಯಮವೂ ಇದೆ, ಅಂಥ ಮಿಂಚಿನಿಂದ ಕೆಲವರಿಗೆ ಫಿಟ್ಸ್ ಬರಬಹುದು. ಸ್ಲೈಡ್ ವೆಬ್‌ಗೆ ಹೋದರೆ ಇವು ನೇರವಾಗಿ ತಟ್ಟುತ್ತವೆ, ತೆರೆಯ ಮೇಲೂ ಪಾಲಿಸುವುದೇ ಒಳ್ಳೆಯದು.

ಅಗತ್ಯ ಹೇಳಿ, ಅಡ್ಡದಾರಿಯನ್ನೂ ಹೇಳಿ

‘ಜಿಫ್ (ತಾನಾಗಿ ಚಲಿಸುವ ಚಿತ್ರದ ಫೈಲ್) ಹಾಕಿಕೊಳ್ಳಿ’ ಎಂಬ ಉತ್ತರ ಬಂದೇ ಬರುತ್ತದೆ. ಅದು ಯಾಕೆ ಸಾಲದು ಎಂದು ಮೊದಲೇ ಬರೆಯಿರಿ. ಜಿಫ್‌ನ ಒಂದು ಚೌಕಟ್ಟಿನಲ್ಲಿ ಹೆಚ್ಚೆಂದರೆ 256 ಬಣ್ಣ. ಅರೆಪಾರದರ್ಶಕ ಅಂಚು ಬರುವುದಿಲ್ಲ. ಒಳಗಿನ ಅಕ್ಷರ ತಿದ್ದಬೇಕೆಂದರೆ ಎಲ್ಲ ಹೊಸದಾಗಿ ಮಾಡಬೇಕು. ವಿಡಿಯೊ ಮಾಡಿ ಲೂಪ್ ಹಾಕಿದರೆ ಬಣ್ಣದ ತೊಂದರೆ ಇಲ್ಲ, ತಿದ್ದುವ ಕಷ್ಟ ಮಾತ್ರ ಹಾಗೇ ಉಳಿಯುತ್ತದೆ.

ಸಲಹೆ ಹೀಗಿರಬಹುದು: ‘ನೀರಿನ ಚಕ್ರ ತೋರಿಸಲು ನಾಲ್ಕು ಎಫೆಕ್ಟ್‌ಗಳ ಸಾಲು ಬಳಸುತ್ತೇನೆ. ಅವನ್ನು ಗುಂಪು ಮಾಡಿ ರಿಪೀಟ್ ಹಾಕುವಂತಿರಲಿ. ಸುತ್ತುಗಳ ನಡುವೆ 2 ಸೆಕೆಂಡ್ ಬಿಡುವು ಕೊಡಲು ಸಾಧ್ಯವಾಗಲಿ. ಕ್ಲಿಕ್ ಮಾಡಿದರೆ ನಡೆಯುತ್ತಿರುವ ಸುತ್ತು ಮುಗಿಸಿ, ಕೊನೆಯ ಚಿತ್ರದಲ್ಲಿ ನಿಲ್ಲಲಿ.’ ಇಷ್ಟು ಸಾಕು. ಬಣ್ಣ, ಫಾಂಟ್, ಇನ್ನೊಂದು ಮತ್ತೊಂದು ಎಂದು ಇದರಲ್ಲೇ ತುರುಕಬೇಡಿ. ಒಂದು ಸಲಹೆಗೆ ಒಂದೇ ಬೇಡಿಕೆ.

ಎಲ್ಲಿಗೆ ಕಳಿಸುವುದು?

ಪವರ್‌ಪಾಯಿಂಟ್ ಮತ್ತು ಗೂಗಲ್ ಸ್ಲೈಡ್ಸ್‌ನ ಒಳಗೇ ಅಭಿಪ್ರಾಯ ಕಳಿಸುವ ಜಾಗ ಇದೆ. ಲಿಬ್ರೆಆಫೀಸ್‌ನದು ಬಗ್‌ಜಿಲ್ಲಾ, ದೋಷಗಳನ್ನೂ ಬೇಡಿಕೆಗಳನ್ನೂ ದಾಖಲಿಸುವ ವೆಬ್ ತಾಣ. ಅಲ್ಲಿ ಹೊಸ ಬೇಡಿಕೆಗೆ ‘ಎನ್‌ಹ್ಯಾನ್ಸ್‌ಮೆಂಟ್’ ಎಂದು ಗುರುತು ಹಾಕಬೇಕು. ಮಾತುಕತೆ ಇಂಗ್ಲಿಷ್‌ನಲ್ಲಿ, ವ್ಯಾಕರಣ ತಪ್ಪಿದರೂ ಯಾರೂ ಅಂಕ ಕಳೆಯುವುದಿಲ್ಲ. ಬರೆಯುವ ಮುನ್ನ ‘ರಿಪೀಟ್’, ‘ಲೂಪ್’ ಎಂದು ಹುಡುಕಿ. ಬೇರೆಯವರು ಇದನ್ನೇ ಕೇಳಿದ್ದರೆ ಹೊಸದು ತೆರೆಯಬೇಡಿ, ನಿಮ್ಮ ಉದಾಹರಣೆಯನ್ನು ಅಲ್ಲೇ ಸೇರಿಸಿ. ಒಂದೇ ಸ್ಲೈಡ್ ಇರುವ ಚಿಕ್ಕ ಫೈಲ್ ಲಗತ್ತಿಸಿ. ಬಗ್‌ಜಿಲ್ಲಾದಲ್ಲಿ ಹಾಕಿದ್ದು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಆಫೀಸಿನ ಅಸಲಿ ಪ್ರೆಸೆಂಟೇಷನ್ ಹಾಕಲೇಬೇಡಿ.