ಭಾವನಲ್ಲಿ ಓಡುವ ಪ್ರೋಗ್ರಾಂ ನಮ್ಮಲ್ಲಿ ಯಾಕೆ ಓಡಲಿಲ್ಲ

ಅಡಿಕೆ ಮಾರಿದ ಲೆಕ್ಕ ಇಡಲು ಭಾವ ಒಂದು ಪ್ರೋಗ್ರಾಂ ಬರೆದುಕೊಟ್ಟ. ಸಿ ಭಾಷೆಯದ್ದು, ಒಂದೇ ಫೈಲು. ಲೆಕ್ಕ ಉಳಿಯುವುದು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸಿನಲ್ಲಿ. ಪೆರ್ಲದ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು, ಲಿನಕ್ಸಿನ ಒಂದು ಬಗೆ. ಬರೆದದ್ದನ್ನು ಓಡುವ ರೂಪಕ್ಕೆ ತರಲು ಕಂಪೈಲ್ ಕೊಟ್ಟೆ. ಮೊದಲ ಸಾಲಿಗೇ ಎಡವಿತು. ‘ಎಸ್‌ಕ್ಯೂಲೈಟ್3.ಎಚ್’ ಎಂಬ ಫೈಲೇ ಇಲ್ಲವಂತೆ.

ಸರಿ, ಎಸ್‌ಕ್ಯೂಲೈಟ್ ಇನ್‌ಸ್ಟಾಲ್ ಮಾಡಿದೆ. ಟರ್ಮಿನಲ್‌ನಲ್ಲಿ ಹೆಸರು ಹೊಡೆದರೆ ಚೆನ್ನಾಗಿಯೇ ತೆರೆಯಿತು. ಕಂಪೈಲರಿನದ್ದು ಮಾತ್ರ ಅದೇ ರಾಗ. ಒಂದು ಗಂಟೆ ಸುಮ್ನೆ ಹಾಳಾಯಿತು.

ವಿಷಯ ಇಷ್ಟೇ. ಉಬುಂಟು, ಅದರ ಮೂಲವಾದ ಡೆಬಿಯನ್‌ಗಳಲ್ಲಿ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡನ್ನು, ಎರಡು ಪ್ಯಾಕೇಜಾಗಿ ಕೊಡುತ್ತಾರೆ. ಓಡಿಸಲು ಬೇಕಾದದ್ದು ಒಂದು. ಕಂಪೈಲ್ ಮಾಡುವವರಿಗೆ ಬೇಕಾದ ಹೆಡರ್ ಫೈಲುಗಳು (ಆ ‘.ಎಚ್’ ಫೈಲುಗಳು) ಇನ್ನೊಂದರಲ್ಲಿ, ಅದರ ಹೆಸರಿನ ಕೊನೆಗೆ ‘-ಡೆವ್’ ಅಂತ ಇರುತ್ತದೆ. ನನಗೆ ಬೇಕಾಗಿದ್ದದ್ದು ‘ಲಿಬ್‌ಎಸ್‌ಕ್ಯೂಲೈಟ್3-ಡೆವ್’. ಯಾವ ಫೈಲು ಯಾವ ಪ್ಯಾಕೇಜಿನಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ‘ಆಪ್ಟ್-ಫೈಲ್’ ಹಾಕಿಕೊಂಡು, ಒಮ್ಮೆ ಅಪ್‌ಡೇಟ್ ಮಾಡಿ, ಫೈಲಿನ ಹೆಸರು ಹುಡುಕಿ. ಎಲ್ಲಿಂದಲೋ ಬಿಡಿ ಫೈಲು ಇಳಿಸಿ ತುರುಕುವ ಕೆಲಸ ಬೇಡ.

ಹೆಡರ್ ಸಿಕ್ಕಿತು. ಈಗ ಹೊಸ ತಕರಾರು: ‘ಅನ್‌ಡಿಫೈನ್ಡ್ ರೆಫರೆನ್ಸ್’. ಎಸ್‌ಕ್ಯೂಲೈಟಿನ ಒಂದೊಂದು ಫಂಕ್ಷನ್ನೂ ಕಾಣುತ್ತಿಲ್ಲವಂತೆ! ಭಾವನಿಗೆ ಫೋನ್ ಮಾಡಿದೆ.

“ನನ್ನಲ್ಲಿ ಸರೀ ಓಡ್ತದೆ ಮಾರಾಯ, ನೀನೇ ಏನೋ ಮಾಡಿ ಹಾಕಿದ್ದಿ” ಅಂದ.

ಅವನು ಕಳಿಸಿದ ಸಾಲನ್ನು ಮತ್ತೆ ನೋಡಿದೆ: ‘ಜಿಸಿಸಿ -ಎಲ್‌ಎಸ್‌ಕ್ಯೂಲೈಟ್3 ಅಡಿಕೆ.ಸಿ -ಒ ಅಡಿಕೆ’. ಲೈಬ್ರರಿ ಮೊದಲು, ನಮ್ಮ ಫೈಲು ಆಮೇಲೆ. ನಮ್ಮ ಕೋಡನ್ನೂ ಲೈಬ್ರರಿಯನ್ನೂ ಜೋಡಿಸುವ ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಲೈಬ್ರರಿ ಎದುರಾದಾಗ ಅದನ್ನು ಕೇಳಿದವರು ಇನ್ನೂ ಯಾರೂ ಇಲ್ಲ. ಹಾಗಾಗಿ ನಮ್ಮ ಉಬುಂಟುವಿನಲ್ಲಿ ಬಿಟ್ಟುಬಿಡುತ್ತದೆ. ಆಮೇಲೆ ನಮ್ಮ ಫೈಲು ಬಂದು ಕೇಳಿದರೆ ಕೊಡಲು ಏನೂ ಇಲ್ಲ. ಹಂತಿಯಲ್ಲಿ ಜನ ಕೂರುವ ಮೊದಲೇ ಪಾಯಸದವನು ಒಂದು ಸುತ್ತು ಹೋಗಿ ಬಂದ ಹಾಗೆ.

ಹಾಗಾದರೆ ಭಾವನಲ್ಲಿ ಹೇಗೆ ಓಡಿತು? ಅವನದ್ದು ಡೆಬಿಯನ್. ಬೇಡದ ಲೈಬ್ರರಿಯನ್ನು ಬಿಟ್ಟುಬಿಡುವ ‘ಆ್ಯಸ್-ನೀಡೆಡ್’ ಆಯ್ಕೆ ಉಬುಂಟುವಿನಲ್ಲಿ 2011ರ 11.10 ಆವೃತ್ತಿಯಿಂದ ತಾನಾಗಿಯೇ ಚಾಲೂ ಇರುತ್ತದೆ, ಡೆಬಿಯನ್‌ನಲ್ಲಿ ಇಲ್ಲ. ಹಾಗಾಗಿ ಅಲ್ಲಿ ಲೈಬ್ರರಿ ಮೊದಲೇ ಬಂದರೂ ಉಳಿಯುತ್ತದೆ. ಇದು ತಿಳಿದಾಗ ನನಗೆ ಸಿಟ್ಟಿಗಿಂತ ನಗು ಜಾಸ್ತಿ ಬಂತು.

‘-ಎಲ್‌ಎಸ್‌ಕ್ಯೂಲೈಟ್3’ ತೆಗೆದು ಸಾಲಿನ ಕೊನೆಗೆ ಹಾಕಿದೆ. ಒಂದು ಮಾತೂ ಆಡದೆ ಕಂಪೈಲ್ ಆಯಿತು. ಸಂಜೆ ಮೊದಲ ಲೆಕ್ಕ ಬರೆದೆ: ಚಾಲಿ ಅಡಿಕೆ, ಎರಡು ಚೀಲ. ಭಾವ ಮರುದಿನ ಸಾಲು ತಿದ್ದಿ ಕಳಿಸಿದ. ತಪ್ಪು ತನ್ನದು ಅಂತ ಮಾತ್ರ ಇನ್ನೂ ಒಪ್ಪಿಲ್ಲ.