ಹುಡುಗ ಅವರ ಕೈಕೆಳಗಿನವ, ತಪ್ಪು ಕಂಡದ್ದು ನಿಮಗೆ

ಶಿರಸಿಯ ಅಡಿಕೆ ವ್ಯಾಪಾರಿ ಅಂಗಳವೊಂದರಲ್ಲಿ ಲೆಕ್ಕದ ವಿಭಾಗ ನೋಡಿಕೊಳ್ಳುವವರು ನೀವು ಎಂದಿಟ್ಟುಕೊಳ್ಳಿ. ಟೆಂಡರ್ ಮುಗಿದು, ತೂಕವಾಗಿ, ಚೀಟಿ ನಿಮ್ಮ ಮೇಜಿಗೆ ಬಂದಿದೆ. ಚೀಟಿಯಲ್ಲಿ ‘ಬಿಳೆಗೋಟು’, ಟೆಂಡರ್ ಪಟ್ಟಿಯಲ್ಲಿ ಅದೇ ಲಾಟಿಗೆ ‘ಚಾಲಿ’. ಎರಡೂ ಅಡಿಕೆಯ ಬೇರೆ ಬೇರೆ ದರ್ಜೆಗಳು, ದರದ ಅಂತರ ಸಣ್ಣದಲ್ಲ. ಬೆಳೆಗಾರ ಎದುರಿಗೇ ನಿಂತಿದ್ದಾನೆ, ಅವನಿಗೆ ಊರಿನ ಕೊನೇ ಬಸ್ಸಿನ ಚಿಂತೆ. ಚೀಟಿ ಬರೆದ ಹುಡುಗ ಅಂಗಳದ ಮೇಲ್ವಿಚಾರಕರ ಕೈಕೆಳಗಿನವ. ಬೈಯಲು ನಿಮಗೆ ಅಧಿಕಾರವಿಲ್ಲ, ಸುಮ್ಮನಿದ್ದರೆ ನಾಳೆಯೂ ಇದೇ ಕತೆ.

ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂಬುದನ್ನು 1916ರಲ್ಲೇ ತನ್ನ 14 ಆಡಳಿತ ಸೂತ್ರಗಳಲ್ಲಿ ಸೇರಿಸಿದವನು ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫೆಯೋಲ್. ಹಾಗೆಂದು ಪ್ರತಿ ಮಾತೂ ಒಂದು ಕಡೆ ಮೇಲೆ ಹತ್ತಿ ಇನ್ನೊಂದು ಕಡೆ ಇಳಿದು ಬರಬೇಕೆಂದರೆ ಕೆಲಸ ಕೆಟ್ಟಂತೆಯೇ. ಅದಕ್ಕೆ ವಿಭಾಗಗಳ ನಡುವೆ ನೇರ ಮಾತಾಡಿಕೊಳ್ಳಲು ಒಂದು ಹಲಗೆ ಹಾಕಿಕೊಳ್ಳಬಹುದು, ಆದರೆ ಎರಡೂ ಕಡೆಯ ಮೇಲಧಿಕಾರಿಗಳು ಒಪ್ಪಿರಬೇಕು, ಅವರಿಗೆ ತಿಳಿಸುತ್ತಿರಬೇಕು ಎಂದ. ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಹಳ್ಳದಾಚೆಯ ತೋಟಕ್ಕೆ ಎರಡು ಅಡಿಕೆ ಮರ ಹಾಕಿ ಮಾಡುವ ಕಾಲುಸಂಕವೇ ಅದು.

ಸಂಕ ದಾಟುವ ಮೊದಲು, ಈ ವಿಷಯ ನಿಮ್ಮದು ಹೌದೋ ಅಲ್ಲವೋ ನೋಡಿ. ಚೀಟಿಯ ತಪ್ಪು ನಿಮ್ಮ ಕೆಲಸಕ್ಕೆ ತಾಗುತ್ತದೆ, ಹೇಳಬಹುದು. ಅವನು ತಡವಾಗಿ ಬರುವುದು, ರಜೆ ಹಾಕುವುದು ಮೇಲ್ವಿಚಾರಕರ ಪಾಲಿನದು. ದುಡ್ಡಿನ ಗೋಲ್‌ಮಾಲ್, ಕಿರುಕುಳದಂಥದ್ದು ಕಂಡರೆ ಅದು ತಿಳಿಹೇಳುವ ವಿಷಯವೇ ಅಲ್ಲ, ನೇರ ಮೇಲಕ್ಕೆ ಹೋಗಬೇಕು.

ಒಮ್ಮೆಯ ಸಣ್ಣ ತಪ್ಪಾದರೆ ಹುಡುಗನಿಗೇ ಹೇಳಿ, ಆಮೇಲೆ ಮೇಲ್ವಿಚಾರಕರ ಕಿವಿಗೆ ಒಂದು ಮಾತು ಹಾಕಿ. ಮೂರನೇ ಸಲವೂ ಆಯಿತೆಂದರೆ ಮೊದಲು ಅವರ ಹತ್ತಿರವೇ ಹೋಗಿ: “ನಾನು ಹೇಳಲೋ, ನೀವೇ ಹೇಳ್ತೀರೋ?” ಈ ಒಂದು ಪ್ರಶ್ನೆ ಅರ್ಧ ಜಗಳ ತಪ್ಪಿಸುತ್ತದೆ.

ಹೊತ್ತು ನೋಡಿ ಹೇಳಿ. ಟೆಂಡರ್ ಗಡಿಬಿಡಿಯಲ್ಲಿ ಬೇಡ. ಬೆಳೆಗಾರರ, ಹಮಾಲರ ಎದುರಂತೂ ಬೇಡವೇ ಬೇಡ. ಸಣ್ಣ ಊರು, ಸಂಜೆಯೊಳಗೆ ಮಾತು ಅವನ ಮನೆ ಮುಟ್ಟಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆಯುವವರಿಗೆ ಏನು ಹೇಳಲಿ!

ಹೇಳುವಾಗ ಯಾವಾಗ ಆಯಿತು, ಏನಾಯಿತು, ಅದರಿಂದ ಏನು ತೊಂದರೆಯಾಯಿತು, ಇಷ್ಟೇ ಇರಲಿ. “ತಮ್ಮಾ, ನಿನ್ನೆ ಮಧ್ಯಾಹ್ನದ ಆ ಲಾಟು, ಚೀಟಿಯಲ್ಲಿ ಬಿಳೆಗೋಟು ಅಂತ ಬಂತು. ಬಿಲ್ ತಿದ್ದೋದ್ರೊಳಗೆ ಅವರಿಗೆ ಬಸ್ಸು ತಪ್ಪಿತು. ಏನಾಗಿತ್ತು?” ‘ನಿಂದು ಯಾವಾಗ್ಲೂ ಇದೇ’ ಎಂದಿರೋ, ಅವನು ಕೇಳುವುದನ್ನು ಅಲ್ಲಿಗೇ ಬಿಟ್ಟ.

ಕೊನೆಯ ಆ ಪ್ರಶ್ನೆಯನ್ನು ನಿಜಕ್ಕೂ ಕೇಳಿ, ಉತ್ತರಕ್ಕೂ ಕಾಯಿರಿ. ನಾನೊಮ್ಮೆ ಕಾಯಲಿಲ್ಲ. ಹೀಗೇ ಒಬ್ಬ ಹುಡುಗನಿಗೆ ಕಾಲು ಗಂಟೆ ಪಾಠ ಹೇಳಿದ ಮೇಲೆ ಅವನು ಮೆಲ್ಲಗೆ ಅಂದ: “ಮೊದಲು ತೂಕ ಮುಗಿಸು, ಚೀಟಿ ಆಮೇಲೆ ಒಟ್ಟಿಗೆ ಬರಿ ಅಂತ ನಮ್ಮ ಸಾಹೇಬ್ರು ಹೇಳಿದ್ದಾರೆ ಸರ್.” ಹತ್ತಾರು ಲಾಟು ನೆನಪಿನಿಂದ ಬರೆದರೆ ತಪ್ಪದೇ ಇರುತ್ತದೆಯೇ? ತಪ್ಪು ಹುಡುಗನದಲ್ಲ, ನಾವಿಬ್ಬರು ಹಿರಿಯರು ಕೂತು ಮಾತಾಡದೇ ಇದ್ದದ್ದು. ಇಂಥ ಉತ್ತರ ಬಂದರೆ ಅವನನ್ನು ಬಿಟ್ಟುಬಿಡಿ. “ಸಾಹೇಬ್ರು ಹೇಳಿದ್ರೂ ನೀನು ಹೀಗೆ ಮಾಡು” ಎಂದು ಹೊಸ ಹುಕುಂ ಕೊಟ್ಟರೆ ಇಬ್ಬರು ಯಜಮಾನರ ನಡುವೆ ಸಿಕ್ಕಿ ಸಾಯುವವನು ಅವನೇ.

ಚೀಟಿಗಳೆಲ್ಲ ತಪ್ಪಿಲ್ಲದೆ ಬಂದ ದಿನವೂ ಸಂಕ ದಾಟಿ. ಹುಡುಗನ ಬೆನ್ನು ತಟ್ಟಿದರೆ ಸಾಲದು, ಮೇಲ್ವಿಚಾರಕರ ಹತ್ತಿರವೂ ಹೇಳಿ, ಎರಡು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಸಂಬಳ ಹೆಚ್ಚಿಸಲು ಅವನ ಹೆಸರು ಬರೆಯುವವರು ಅವರು, ನೀವಲ್ಲ.